ರಸ್ತೆಗಳ ಶಿಲ್ಪಿ ಥಾಮಸ್ ಟೆಲ್ಫರ್ಡ್

ಬಡತನಕ್ಕೆ ಕಾರಣಗಳು ಹಲವು. ಮಳೆ ಕೈಕೊಡುವುದು, ನೆಲ ಸಾರವಿಲ್ಲದೆ ಬರಡಾಗಿರುವುದು, ಉಳುವವನಿಗೆ ಸ್ವಂತ ಭೂಮಿ ಇಲ್ಲದಿರುವುದು, ವಿದ್ಯೆಯ ಅಭಾವ ಇವೆಲ್ಲ ನಮಗೆ ಥಟ್ಟನೆ ಹೊಳೆಯುವ ಕಾರಣಗಳು. ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದ ಇನ್ನೊಂದು ಕಾರಣವೂ ಉಂಟು. ಅದು ದಾರಿಯಿಲ್ಲದಿರುವುದು. ಬೆಳೆದ ಕಾಳು ಸಂತೆಯನ್ನು ಮುಟ್ಟದಿದ್ದರೆ ಬೆಳೆದವನ ಕೈಗೆ ಕಾಸು ಬಾರದು. ಹೊರಗಿನ ಉಪ್ಪು, ಕಬ್ಬಿಣ, ಸುಣ್ಣ ಹಳ್ಳಿಗೆ ಬರಬೇಕಾದರೆ ಅವುಗಳ ಬೆಲೆಗಿಂತ ಹೊರೆಕೂಲಿಯೇ ಹೆಚ್ಚಾಗುತ್ತದೆ. ಬರಗಾಲದಲ್ಲಿ ಒಂದು ಸೀಮೆಯವರು ಹಸಿದಿರುವಾಗ ನೆರೆಯ ಸೀಮೆಯಲ್ಲಿ ಧಾನ್ಯವಿದ್ದರೂ ಅದು ಹಸಿದವರ ಬಾಯಿಗೆ ಬೀಳುವುದಿಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿದು, ಊರು ದ್ವೀಪವಾಗುವುದನ್ನು ಕಂಡ ನಮ್ಮ ಮಲೆನಾಡಿನ ಮಕ್ಕಳಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ಸತ್ಯವನ್ನು ಇನ್ನೂರು ವರ್ಷಗಳಿಗೂ ಹಿಂದೆಯೇ ಮನಗಂಡು, ಒಂದು ದೊಡ್ಡ ಬೆಟ್ಟಸೀಮೆಗೆ ದಾರಿಗಳನ್ನು ತೆರೆದವನು ಥಾಮಸ್ ಟೆಲ್ಫರ್ಡ್.

ಟೆಲ್ಫರ್ಡನು 1757ರ ಆಗಸ್ಟ್ 9ರಂದು ಸ್ಕಾಟ್ಲೆಂಡಿನ ದಕ್ಷಿಣ ಭಾಗದ ಎಸ್ಕ್‌ಡೇಲ್ ಎಂಬ ಕಣಿವೆಯಲ್ಲಿ ಜನಿಸಿದನು. ತಂದೆ ಕುರಿಗಾಹಿ. ಮಗು ತೊಟ್ಟಿಲಲ್ಲಿರುವಾಗಲೇ ತಂದೆ ತೀರಿಕೊಂಡನು. ತಾಯಿ ಜಾನೆಟ್ ಇರುವ ಗುಡಿಸಲನ್ನು ಬಿಟ್ಟು, ಬೇರೊಂದು ಮನೆಯ ಒಂದೇ ಕೋಣೆಯಲ್ಲಿ ಮಗನೊಡನೆ ನೆಲೆಸಿ, ನೆರೆಹೊರೆಯವರ ಹೊಲಮನೆಗಳಲ್ಲಿ ದುಡಿದು ಅವನನ್ನು ಸಾಕಿದಳು. ಬಾಲಕನು ಬೇಸಿಗೆಯಲ್ಲಿ ಕುರಿದನಗಳನ್ನು ಕಾಯುತ್ತ, ಬಿಡುವಾದಾಗ ಊರಿನ ಶಾಲೆಗೆ ಹೋಗುತ್ತ ಬೆಳೆದನು. ಬಂಧುಗಳ ನೆರವಿನಿಂದ ಓದುಬರಹ ಮತ್ತು ಲೆಕ್ಕ ಕಲಿತನು. ಬಡತನವಿದ್ದರೂ ಅವನ ಮುಖದಲ್ಲಿ ನಗೆ ಮಾಸುತ್ತಿರಲಿಲ್ಲ. ಸುತ್ತಲಿನವರು ಅವನನ್ನು ನಗುಮೊಗದ ಹುಡುಗನೆಂದೇ ಕರೆಯುತ್ತಿದ್ದರು.

ಶಾಲೆ ಮುಗಿದ ಮೇಲೆ ಅವನು ಕಲ್ಲುಕುಟಿಗನೊಬ್ಬನ ಬಳಿ ಕೆಲಸ ಕಲಿಯಲು ಸೇರಿದನು. ಆ ಕಾಲದಲ್ಲಿ ಎಸ್ಕ್‌ಡೇಲಿನಲ್ಲಿ ಬಂಡಿ ಹೋಗುವಂಥ ದಾರಿಗಳು ವಿರಳವಾಗಿದ್ದವು. ಸರಕನ್ನೆಲ್ಲ ಕುದುರೆಯ ಬೆನ್ನಿನ ಮೇಲೆ ಹೇರಿ ಸಾಗಿಸಬೇಕಾಗಿತ್ತು. ಆ ಸೀಮೆಯ ಒಡೆಯನಾದ ಬಕ್‌ಲೂ ಪ್ರಭು ತನ್ನ ಜಮೀನುಗಳನ್ನು ಸುಧಾರಿಸಲು ಹೊಸ ರಸ್ತೆಗಳನ್ನೂ ಸೇತುವೆಗಳನ್ನೂ ಮಾಡಿಸತೊಡಗಿದನು. ಇದರಿಂದ ಕಲ್ಲುಕುಟಿಗರಿಗೆ ಕೈತುಂಬ ಕೆಲಸ ದೊರೆಯಿತು. ಲ್ಯಾಂಗಮ್ ಪಟ್ಟಣದಲ್ಲಿ ಎಸ್ಕ್ ನದಿಗೆ ಕಟ್ಟಿದ ಸೇತುವೆಯ ಕಲ್ಲುಗಳನ್ನು ಕಡೆದವರಲ್ಲಿ ತರುಣ ಟೆಲ್ಫರ್ಡನೂ ಒಬ್ಬನು. ದಾರಿಯಿಲ್ಲದ ಕಣಿವೆಯೊಂದಕ್ಕೆ ದಾರಿ ಬಂದಾಗ ಜನಜೀವನ ಹೇಗೆ ಬದಲಾಗುತ್ತದೆಂಬುದನ್ನು ಅವನು ತನ್ನ ಊರಿನಲ್ಲಿಯೇ, ತನ್ನ ಕೈಗಳಿಂದಲೇ ಕಲಿತನು. ಈ ಪಾಠವನ್ನು ಅವನು ಕಡೆಯವರೆಗೂ ಮರೆಯಲಿಲ್ಲ.

ಹಗಲೆಲ್ಲ ಉಳಿ ಸುತ್ತಿಗೆ ಹಿಡಿದು ದುಡಿಯುವ ಆ ತರುಣನು ರಾತ್ರಿ ಒಲೆಯ ಬೆಳಕಿನಲ್ಲಿ ಗ್ರಂಥಗಳನ್ನು ಓದುತ್ತಿದ್ದನು. ಊರಿನ ಒಬ್ಬ ವೃದ್ಧ ಮಹಿಳೆ ತನ್ನ ಪುಸ್ತಕಗಳನ್ನು ಅವನಿಗೆ ಎರವಲು ಕೊಡುತ್ತಿದ್ದಳು. ಮಹಾಕವಿ ಮಿಲ್ಟನ್ನನ ಕಾವ್ಯ ಅವನ ಕೈಗೆ ಬಂದದ್ದು ಹೀಗೆ. ತಾನೂ ಕವಿತೆಗಳನ್ನು ಬರೆದನು. 1780ರಲ್ಲಿ ಎಡಿನ್‌ಬರೋ ನಗರಕ್ಕೂ, 1782ರಲ್ಲಿ ಲಂಡನ್ನಿಗೂ ಹೋಗಿ ಕಟ್ಟಡದ ಕೆಲಸ ಮಾಡಿದನು. ಅಲ್ಲಿಂದ ತಾಯಿಗೆ ಕಾಗದ ಬರೆಯುವಾಗ, ಆಕೆ ಬೇರೆಯವರ ಸಹಾಯವಿಲ್ಲದೆ ತಾನೇ ಓದಿಕೊಳ್ಳಲೆಂದು ಪ್ರತಿಯೊಂದು ಅಕ್ಷರವನ್ನೂ ಅಚ್ಚಿನ ಅಕ್ಷರದಂತೆ ಬಿಡಿಬಿಡಿಯಾಗಿ ಬರೆಯುತ್ತಿದ್ದನು. ದೊಡ್ಡ ದೊಡ್ಡ ಕೆಲಸಗಳ ನಡುವೆಯೂ ಸಣ್ಣವರ ಅನುಕೂಲವನ್ನು ಗಮನಿಸುವ ಗುಣ ಅವನಿಗೆ ಸಹಜವಾಗಿತ್ತು.

1787ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್ ಜಿಲ್ಲೆಯ ಲೋಕೋಪಯೋಗಿ ಕಾಮಗಾರಿಗಳ ಮೇಲ್ವಿಚಾರಣೆ ಅವನ ಪಾಲಿಗೆ ಬಂದಿತು. ಮರುವರ್ಷ ಶ್ರೂಸ್‌ಬರಿ ನಗರದ ಹಳೆಯ ಚರ್ಚೊಂದನ್ನು ಪರೀಕ್ಷಿಸಿ, ಗೋಡೆಗಳ ಬುಡ ಸಡಿಲವಾಗಿರುವುದರಿಂದ ಕಟ್ಟಡ ಕುಸಿಯುವ ಅಪಾಯವಿದೆಯೆಂದು ಎಚ್ಚರಿಸಿದನು. ಚರ್ಚಿನ ಆಡಳಿತಗಾರರು ಅವನ ಮಾತನ್ನು ಲೆಕ್ಕಿಸಲಿಲ್ಲ. ಕೆಲವೇ ದಿನಗಳಲ್ಲಿ ಗೋಪುರವು ಧರೆಗುರುಳಿತು. ಅಂದಿನಿಂದ ಅವನ ಮಾತಿಗೆ ಬೆಲೆ ಬಂದಿತು. ಬಳಿಕ ಅವನು ಅನೇಕ ಸೇತುವೆಗಳನ್ನೂ ನೌಕಾಯಾನದ ಕಾಲುವೆಗಳನ್ನೂ ನಿರ್ಮಿಸಿದನು. ವೇಲ್ಸ್ ಪ್ರಾಂತದ ಡೀ ನದಿಯ ಕಣಿವೆಯ ಮೇಲೆ, 126 ಅಡಿ ಎತ್ತರದಲ್ಲಿ, ಸಾವಿರ ಅಡಿಗಳಿಗೂ ಮಿಗಿಲಾದ ಕಬ್ಬಿಣದ ದೋಣಿಯಂಥ ತೊಟ್ಟಿಯಲ್ಲಿ ಕಾಲುವೆಯ ನೀರನ್ನು ದಾಟಿಸಿದ ಪಾಂಟ್‌ಕಸಲ್ಟೆ ಮೇಲ್ಗಾಲುವೆ 1805ರಲ್ಲಿ ಮುಗಿಯಿತು. ಅದು ಇಂದಿಗೂ ಬಳಕೆಯಲ್ಲಿದೆ.

ಆದರೆ ಬಡವರ ಬದುಕಿನ ದೃಷ್ಟಿಯಿಂದ ನೋಡಿದರೆ ಟೆಲ್ಫರ್ಡನ ಹಿರಿಯ ಸಾಧನೆ ಬೇರೆಡೆಯಲ್ಲಿದೆ. ಸ್ಕಾಟ್ಲೆಂಡಿನ ಉತ್ತರ ಹಾಗೂ ಪಶ್ಚಿಮ ಭಾಗಗಳಲ್ಲಿ ಹೈಲ್ಯಾಂಡ್ಸ್ ಎಂಬ ವಿಸ್ತಾರವಾದ ಬೆಟ್ಟಸೀಮೆಯಿದೆ. ಕಡಿದಾದ ಗಿರಿಗಳು, ಆಳವಾದ ಸರೋವರಗಳು, ಕಾಲಿಟ್ಟರೆ ಹೂತುಹೋಗುವ ಜೌಗುನೆಲ, ಒಳನಾಡಿನವರೆಗೆ ಚಾಚಿಕೊಂಡ ಕಡಲ ತೋಳುಗಳು ಅಲ್ಲಿ ಒಂದೂರನ್ನು ಇನ್ನೊಂದೂರಿನಿಂದ ಬೇರ್ಪಡಿಸಿದ್ದವು. ಹದಿನೆಂಟನೆಯ ಶತಮಾನದಲ್ಲಿ ದಂಗೆಗಳನ್ನು ಅಡಗಿಸುವುದಕ್ಕಾಗಿ ಸರ್ಕಾರವು ಸೈನಿಕ ರಸ್ತೆಗಳನ್ನು ಮಾಡಿಸಿತ್ತು. ಅವು ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ದಂಡು ನಡೆಯಲು ಆದ ದಾರಿಗಳು. ರೈತನ ಹೊಲದಿಂದ ಸಂತೆಗೆ, ಮೀನುಗಾರನ ದಂಡೆಯಿಂದ ಪೇಟೆಗೆ ಹೋಗುವ ದಾರಿಗಳಾಗಿರಲಿಲ್ಲ. ಏರುಗಳು ಬಹಳ ಕಡಿದಾಗಿದ್ದುದರಿಂದ ಬಂಡಿಗಳಿಗೆ ಅವು ಒದಗುತ್ತಲೂ ಇರಲಿಲ್ಲ.

ಇದರ ಪರಿಣಾಮವನ್ನು ಊಹಿಸಿಕೊಳ್ಳಿರಿ. ಉತ್ತರದ ಹಲವು ಸೀಮೆಗಳಲ್ಲಿ ಗಾಲಿಯ ಬಂಡಿಯೇ ಅಪರೂಪವಾಗಿತ್ತು. ಗೊಬ್ಬರವನ್ನೂ ಉರುವಲನ್ನೂ ಹೆಂಗಸರು ಬುಟ್ಟಿಗಳಲ್ಲಿ ತುಂಬಿ ಬೆನ್ನ ಮೇಲೆ ಹೊರುತ್ತಿದ್ದರು. ನೇಗಿಲಿನ ಬದಲು ಕಾಲಿನಿಂದ ಒತ್ತಿ ನೆಲ ಅಗೆಯುವ ಮರದ ಸಾಧನವೇ ಹಲವರಿಗೆ ಗತಿಯಾಗಿತ್ತು. ತನ್ನ ಕಾಲಿನಿಂದಲೇ ನಡೆದು ಹೋಗಬಲ್ಲ ಸರಕು ದನವೊಂದೇ. ಆದ್ದರಿಂದ ಜನರು ಕರಿಯ ದನಗಳನ್ನು ಸಾಕಿ, ಅವನ್ನು ನೂರಾರು ಮೈಲಿ ಅಟ್ಟಿಕೊಂಡು, ಎದುರಾದ ಹೊಳೆಗಳನ್ನು ಈಜಿಸಿ, ದಕ್ಷಿಣದ ಜಾತ್ರೆಗಳಲ್ಲಿ ಮಾರುತ್ತಿದ್ದರು. ದಾರಿಯಲ್ಲಿ ಸೊರಗಿದ ದನಕ್ಕೆ ಸಿಕ್ಕಿದ್ದೇ ಬೆಲೆ. ಹೀಗೆ ದಾರಿಯ ಕೊರತೆಯು ರೈತನ ಗಳಿಕೆಯನ್ನು ಎರಡು ಕಡೆಯಿಂದಲೂ ಕತ್ತರಿಸುತ್ತಿತ್ತು. ಅವನು ಮಾರುವುದು ಅಗ್ಗವಾಗುತ್ತಿತ್ತು, ಕೊಳ್ಳುವುದು ತುಟ್ಟಿಯಾಗುತ್ತಿತ್ತು.

ಈ ಕಷ್ಟದ ಮೇಲೆ ಇನ್ನೊಂದು ಕಷ್ಟವೂ ಸೇರಿಕೊಂಡಿತು. ಕುರಿ ಸಾಕಣೆಯಿಂದ ಹೆಚ್ಚು ಲಾಭ ಬರುವುದನ್ನು ಕಂಡ ಜಮೀನ್ದಾರರು ತಮ್ಮ ಒಕ್ಕಲುಗಳನ್ನು ಬಿಡಿಸಿ, ಕಣಿವೆಗಳನ್ನು ದೊಡ್ಡ ದೊಡ್ಡ ಕುರಿಹುಲ್ಲುಗಾವಲುಗಳನ್ನಾಗಿ ಮಾಡತೊಡಗಿದರು. ನೆಲೆ ಕಳೆದುಕೊಂಡ ಜನರು ಹಡಗು ಹತ್ತಿ ಅಮೆರಿಕಾ ಖಂಡಕ್ಕೆ ಗುಳೆ ಹೋಗಲಾರಂಭಿಸಿದರು. ಸರ್ಕಾರಕ್ಕೆ ಚಿಂತೆ ಹತ್ತಿತು. 1801ರಲ್ಲಿಯೂ 1802ರಲ್ಲಿಯೂ ಅದು ಟೆಲ್ಫರ್ಡನನ್ನು ಆ ಸೀಮೆಯ ಸಮೀಕ್ಷೆಗೆ ಕಳುಹಿಸಿತು. ಅವನು ಬೆಟ್ಟಗಳನ್ನು ಹತ್ತಿ, ಕಡವುಗಳನ್ನು ದಾಟಿ, ಊರೂರು ತಿರುಗಿ, ಜನರನ್ನು ಮಾತನಾಡಿಸಿ ವರದಿಯನ್ನು ಸಿದ್ಧಪಡಿಸಿದನು. ಒಂದೇ ವರ್ಷದಲ್ಲಿ ಸುಮಾರು 3000 ಜನರು ದೇಶ ಬಿಟ್ಟುಹೋದರೆಂದೂ, ಅದಕ್ಕಿಂತ ಹೆಚ್ಚಿನವರು ಹೊರಡಲು ಸಿದ್ಧರಾಗಿರುವರೆಂದೂ ತಿಳಿಸಿದನು. ಜಮೀನ್ದಾರರ ಕುರಿ ವ್ಯಾಪಾರವೇ ಈ ವಲಸೆಗೆ ಮುಖ್ಯ ಕಾರಣವೆಂದು ಹೇಳಲು ಅವನು ಅಂಜಲಿಲ್ಲ. ರಸ್ತೆ, ಸೇತುವೆ, ಬಂದರು ಮತ್ತು ಕಾಲುವೆಗಳ ಕೆಲಸವನ್ನು ಕೂಡಲೇ ಕೈಗೊಂಡರೆ ಜನರಿಗೆ ಇಂದು ಕೂಲಿಯೂ, ನಾಳೆ ಜೀವನೋಪಾಯವೂ ದೊರೆಯುವುದೆಂಬುದು ಅವನ ಸಲಹೆಯಾಗಿತ್ತು.

ಸರ್ಕಾರವು ಇದನ್ನು ಒಪ್ಪಿ 1803ರಲ್ಲಿ ಹೈಲ್ಯಾಂಡ್ಸಿನ ರಸ್ತೆ ಸೇತುವೆಗಳಿಗಾಗಿ ಒಂದು ಆಯೋಗವನ್ನು ನೇಮಿಸಿತು. ರಸ್ತೆಗಳ ವೆಚ್ಚದಲ್ಲಿ ಅರ್ಧವನ್ನು ಸರ್ಕಾರವೂ, ಉಳಿದ ಅರ್ಧವನ್ನು ಆಯಾ ಸೀಮೆಯ ಜಮೀನ್ದಾರರೂ ಭರಿಸಬೇಕೆಂದು ಗೊತ್ತಾಯಿತು. ಆಯೋಗದ ಎಂಜಿನಿಯರಾಗಿ ಟೆಲ್ಫರ್ಡನು ಮುಂದಿನ ಹದಿನೆಂಟು ವರ್ಷಗಳಲ್ಲಿ ಸುಮಾರು 920 ಮೈಲಿ, ಎಂದರೆ 1480 ಕಿಲೋಮೀಟರ್ ಉದ್ದದ ರಸ್ತೆಗಳನ್ನೂ, ಚಿಕ್ಕವು ದೊಡ್ಡವು ಸೇರಿ ಸಾವಿರಕ್ಕೂ ಹೆಚ್ಚು ಸೇತುವೆಗಳನ್ನೂ ಮಾಡಿಸಿದನು.

ಅವನ ಕ್ರಮ ಸರಳವಾಗಿತ್ತು, ಆದರೆ ಕಟ್ಟುನಿಟ್ಟಾಗಿತ್ತು. ನೀರೇ ರಸ್ತೆಯ ಮೊದಲ ಶತ್ರುವೆಂಬುದನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನು. ಆದುದರಿಂದ ಬೆಟ್ಟದಿಂದ ಇಳಿದುಬರುವ ನೀರನ್ನು ಪಕ್ಕದ ಚರಂಡಿಗಳಲ್ಲಿ ಹಿಡಿದು, ಮೋರಿಗಳ ಮೂಲಕ ರಸ್ತೆಯ ಅಡಿಯಿಂದ ದಾಟಿಸುತ್ತಿದ್ದನು. ಎತ್ತು ಕುದುರೆಗಳು ಎಳೆಯಲಾರದ ಏರನ್ನು ಬಿಟ್ಟು, ಬೆಟ್ಟದ ಮಗ್ಗುಲನ್ನು ಬಳಸಿಕೊಂಡು ದಾರಿಯನ್ನು ನಿಧಾನವಾಗಿ ಮೇಲಕ್ಕೊಯ್ಯುತ್ತಿದ್ದನು. ಮುಂದೆ ಹೆದ್ದಾರಿಗಳನ್ನು ಮಾಡಿದಾಗ ತಳದಲ್ಲಿ ದಪ್ಪ ಕಲ್ಲುಗಳನ್ನು ಕೈಯಿಂದಲೇ ಒಂದರ ಪಕ್ಕದಲ್ಲೊಂದು ಜೋಡಿಸಿ, ಅವುಗಳ ಮೇಲೆ ಸಣ್ಣ ಜಲ್ಲಿಯನ್ನು ಹರಡಿ ಬಿಗಿಗೊಳಿಸುವ ವಿಧಾನವನ್ನು ಅನುಸರಿಸಿದನು. ಕೆಲಸವನ್ನೆಲ್ಲ ಗುತ್ತಿಗೆಗೆ ಕೊಡುತ್ತಿದ್ದರೂ, ಪ್ರತಿಯೊಂದು ಹಂತದಲ್ಲಿಯೂ ನಂಬಿಗಸ್ತ ಮೇಲ್ವಿಚಾರಕರಿಂದ ಪರೀಕ್ಷೆ ಮಾಡಿಸುತ್ತಿದ್ದನು. ಮಾಡಿದ ರಸ್ತೆಯನ್ನು ವರ್ಷವರ್ಷವೂ ದುರಸ್ತಿ ಮಾಡದಿದ್ದರೆ ಹಾಕಿದ ಹಣ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಆಗುವುದೆಂಬ ಅರಿವು ಅವನಿಗಿತ್ತು. ಆಯೋಗವು ದುರಸ್ತಿಯ ಹೊಣೆಯನ್ನೂ ಹೊತ್ತುಕೊಂಡಿತು.

ಸೇತುವೆಯೊಂದು ಎಷ್ಟು ಅಗತ್ಯವೆಂಬುದನ್ನು ಒಂದು ಘೋರ ಘಟನೆ ಜಗತ್ತಿಗೆ ತೋರಿಸಿಕೊಟ್ಟಿತು. ಉತ್ತರದ ಡಾರ್ನಾಕ್ ಎಂಬ ಕಡಲ ತೋಳನ್ನು ಜನರು ದೋಣಿಯಲ್ಲಿ ದಾಟಬೇಕಾಗಿತ್ತು. 1809ರ ಆಗಸ್ಟ್ 16ರಂದು ಆಚೆ ದಡದ ಟೇನ್ ಪಟ್ಟಣದಲ್ಲಿ ಜಾತ್ರೆ. ಮಾರಲು ಸರಕು ತಂದವರು, ಕೊಳ್ಳಲು ಹೊರಟವರು, ಗಂಡಸರು, ಹೆಂಗಸರು ಎಲ್ಲರೂ ಮೀಕಲ್ ಕಡವಿನಲ್ಲಿ ಒಂದೇ ದೋಣಿಗೆ ಒತ್ತೊತ್ತಾಗಿ ಹತ್ತಿಕೊಂಡರು. ಭಾರ ಮಿತಿಮೀರಿತ್ತು. ನಡುನೀರಿನಲ್ಲಿ ದೋಣಿ ಮುಳುಗಿ ಸುಮಾರು ನೂರು ಮಂದಿ ಜಲಸಮಾಧಿಯಾದರು. ಆ ಸೀಮೆಯ ನ್ಯಾಯಾಧಿಕಾರಿಯೂ ಸತ್ತವರಲ್ಲೊಬ್ಬನಾಗಿದ್ದನು. ಸಂತೆಗೆ ಹೋಗುವ ಸಾಮಾನ್ಯ ಕೆಲಸಕ್ಕೂ ಅಲ್ಲಿನ ಜನರು ಪ್ರಾಣವನ್ನು ಪಣವಾಗಿಡಬೇಕಾಗಿತ್ತೆಂಬುದು ಇದರಿಂದ ಸ್ಪಷ್ಟವಾಯಿತು. ಟೆಲ್ಫರ್ಡನು ಅದೇ ಕಡಲ ತೋಳಿನ ಮೇಲ್ಭಾಗದಲ್ಲಿ, ಬೋನಾರ್ ಎಂಬಲ್ಲಿ, 150 ಅಡಿ ಅಗಲದ ಕಬ್ಬಿಣದ ಕಮಾನನ್ನುಳ್ಳ ಸೇತುವೆಯನ್ನು 1812ರಲ್ಲಿ ಮುಗಿಸಿದನು. ಬಳಿಕ, ಮಂಜುಗಡ್ಡೆಯೊಡನೆ ಬೆಸೆದುಕೊಂಡ ಮರದ ದಿಮ್ಮಿಗಳ ರಾಶಿಯೊಂದು ಪ್ರವಾಹದಲ್ಲಿ ತೇಲಿಬಂದು ಸೇತುವೆಗೆ ಅಪ್ಪಳಿಸಿದರೂ ಅದು ಅಲುಗಲಿಲ್ಲ. ಎಂಬತ್ತು ವರ್ಷಗಳ ಕಾಲ ಜನರನ್ನು ದಾಟಿಸಿ, 1892ರ ಮಹಾಪೂರದಲ್ಲಿ ಆ ಸೇತುವೆ ಕೊಚ್ಚಿಹೋಯಿತು. ಆದರೆ ಸ್ಪೇ ನದಿಗೆ ಕ್ರೇಗೆಲಾಖಿಯಲ್ಲಿ 1814ರಲ್ಲಿ ಅವನು ಕಟ್ಟಿಸಿದ ಅಂಥದೇ ಕಬ್ಬಿಣದ ಸೇತುವೆ ಇಂದಿಗೂ ನಿಂತಿದೆ.

ರಸ್ತೆಗಳು ಮುಗಿಯುವ ಮೊದಲೇ ಅವುಗಳ ಒಂದು ಫಲ ಜನರಿಗೆ ದೊರೆಯಿತು. ರಸ್ತೆಗಳಲ್ಲಿಯೂ, ಹೈಲ್ಯಾಂಡ್ಸನ್ನು ಅಡ್ಡಲಾಗಿ ಹಾಯುವ ಕ್ಯಾಲೆಡೋನಿಯನ್ ಕಾಲುವೆಯ ಕೆಲಸದಲ್ಲಿಯೂ ವರ್ಷಕ್ಕೆ ಮೂರು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಅವರಲ್ಲಿ ಅನೇಕರಿಗೆ ಮೊದಲಿಗೆ ಗುದ್ದಲಿ ಪಿಕಾಸಿಗಳನ್ನು ಹಿಡಿಯುವ ಬಗೆಯೂ ತಿಳಿದಿರಲಿಲ್ಲ. ಕ್ರಮೇಣ ಅವರು ನುರಿತ ಕೆಲಸಗಾರರಾದರು. ವರ್ಷವರ್ಷವೂ ಅವರಲ್ಲಿ ಕಾಲು ಭಾಗದಷ್ಟು ಮಂದಿ ಕಲಿತ ಕಸುಬಿನೊಡನೆ ಊರುಗಳಿಗೆ ಹಿಂದಿರುಗಿದರು. ಈ ಕಾಮಗಾರಿಗಳೇ ಒಂದು ವಿದ್ಯಾಶಾಲೆಯೆಂದು ಟೆಲ್ಫರ್ಡನು ಭಾವಿಸಿದ್ದನು. ಒಲೆಯ ಬೆಳಕಿನಲ್ಲಿ ಓದಿ ಮೇಲೆ ಬಂದ ಕಲ್ಲುಕುಟಿಗನಿಗೆ ಇದರಿಂದಾದ ಸಂತೋಷ ಸಣ್ಣದಾಗಿರಲಾರದು.

ರಸ್ತೆಗಳು ತೆರೆದ ಬಳಿಕ ಬದಲಾವಣೆ ಬೇಗನೆ ಕಾಣಿಸಿತು. ಬಂಡಿಗಳು ಬಂದವು, ಬಂಡಿಗಳ ಹಿಂದೆ ಸುಣ್ಣ, ಕಬ್ಬಿಣದ ನೇಗಿಲು, ಹೊಸ ಬೀಜಗಳು ಬಂದವು. ಬಂಡಿ ಮಾಡುವ ಬಡಗಿಗೂ ಲಾಳ ಕಟ್ಟುವ ಕಮ್ಮಾರನಿಗೂ ಊರಿನಲ್ಲಿಯೇ ಕೆಲಸ ಸಿಕ್ಕಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇನ್‌ವರ್ನೆಸ್ ಪಟ್ಟಣದಿಂದ ಉತ್ತರಕ್ಕೆ ಸಾರೋಟು ಸಂಚಾರವೇ ಇರಲಿಲ್ಲ. 1819ರ ಹೊತ್ತಿಗೆ ಅಂಚೆಯ ಸಾರೋಟು ದೇಶದ ಉತ್ತರ ತುದಿಯ ಥರ್ಸೊ ಪಟ್ಟಣವನ್ನು ಮುಟ್ಟಿತು. ಹೊರಗಿನ ಸುದ್ದಿ, ಕಾಗದ, ವೈದ್ಯ, ಉಪಾಧ್ಯಾಯ ಎಲ್ಲರೂ ಎಲ್ಲವೂ ಆ ದಾರಿಗಳಲ್ಲಿಯೇ ಬರಬೇಕಾಗಿತ್ತು. 1819ರಲ್ಲಿ ಟೆಲ್ಫರ್ಡನೊಡನೆ ಹೈಲ್ಯಾಂಡ್ಸಿನಲ್ಲಿ ಸಂಚರಿಸಿದ ಕವಿ ರಾಬರ್ಟ್ ಸೌದೆ ಈ ಪರಿವರ್ತನೆಯನ್ನು ಕಣ್ಣಾರೆ ಕಂಡು ಬೆರಗಾದನು.

ಹಾಗಾದರೆ ರಸ್ತೆಯೊಂದರಿಂದಲೇ ಬಡತನ ನೀಗಿತೇ? ಇಲ್ಲ. ಇದನ್ನೂ ನಾವು ಮರೆಯಬಾರದು. ಜಮೀನ್ದಾರರು ಅರ್ಧ ವೆಚ್ಚ ಕೊಡುತ್ತಿದ್ದುದರಿಂದ ಅವರು ಮುಂದೆ ಬಂದ ಕಡೆಗೇ ರಸ್ತೆ ಹೋಯಿತು. ರಸ್ತೆಯಿಂದ ಏರಿದ ನೆಲದ ಬೆಲೆಯ ಹೆಚ್ಚಿನ ಪಾಲು ನೆಲದ ಒಡೆಯರಿಗೇ ಸೇರಿತು. ನೆಲದ ಮೇಲೆ ಹಕ್ಕಿಲ್ಲದ ಒಕ್ಕಲಿಗೆ ಒಡೆಯನ ಮನಸ್ಸೇ ಕಾನೂನಾಗಿತ್ತು. ಸದರ್ಲೆಂಡ್ ಸೀಮೆಯಲ್ಲಿ, ಹೊಸ ರಸ್ತೆ ಸೇತುವೆಗಳು ಆಗುತ್ತಿದ್ದ ದಿನಗಳಲ್ಲಿಯೇ, 1814 ಮತ್ತು 1819ರಲ್ಲಿ, ಸ್ಟ್ರಾತ್‌ನೇವರ್ ಕಣಿವೆಯ ಒಕ್ಕಲುಗಳನ್ನು ಹೊರಡಿಸಿ ಅವರ ಮನೆಗಳಿಗೆ ಬೆಂಕಿಯಿಡಲಾಯಿತು. ಗುಳೆ ಹೋಗುವುದು ನಿಲ್ಲಲಿಲ್ಲ. ಟೆಲ್ಫರ್ಡನು ತನ್ನ ವರದಿಯಲ್ಲಿ ಕಾರಣವನ್ನು ಸರಿಯಾಗಿಯೇ ಗುರುತಿಸಿದ್ದನು. ಆದರೆ ರಸ್ತೆ ಮಾಡುವುದು ಎಂಜಿನಿಯರನ ಕೈಯಲ್ಲಿತ್ತು, ನೆಲದ ನ್ಯಾಯ ಅವನ ಕೈಯಲ್ಲಿರಲಿಲ್ಲ. ರಸ್ತೆ ಬಾಗಿಲನ್ನು ತೆರೆಯಬಲ್ಲದು. ಮನೆಯೊಳಗಿನ ಅನ್ನವನ್ನು ಎಲ್ಲರಿಗೂ ಹಂಚುವುದು ಮನುಷ್ಯರ ಕೆಲಸ.

ಮುಂದೆ ಟೆಲ್ಫರ್ಡನು ಲಂಡನ್ನಿನಿಂದ ಹೋಲಿಹೆಡ್ ಬಂದರಿಗೆ ಹೋಗುವ ಹೆದ್ದಾರಿಯನ್ನು ಸುಧಾರಿಸಿದನು. ಆ ದಾರಿಯಲ್ಲಿದ್ದ ಮೆನಾಯ್ ಜಲಸಂಧಿಯನ್ನು ದಾಟಲು ದೋಣಿಯೊಂದೇ ಗತಿಯಾಗಿತ್ತು. ಆಂಗಲ್ಸಿ ದ್ವೀಪದ ರೈತರು ತಮ್ಮ ದನಗಳನ್ನು ಸಂತೆಗೆ ಒಯ್ಯುವಾಗ ಆ ಸೆಳೆತದ ನೀರಿನಲ್ಲಿ ಈಜಿಸಬೇಕಾಗಿತ್ತು. ಅಲ್ಲಿ ಅವನು ಕಬ್ಬಿಣದ ಸರಪಳಿಗಳಿಂದ ತೂಗುಹಾಕಿದ 579 ಅಡಿ ಅಂತರದ ಸೇತುವೆಯನ್ನು ರಚಿಸಿದನು. 1826ರ ಜನವರಿ 30ರಂದು ತೆರೆದ ಆ ತೂಗುಸೇತುವೆ ಅಂದಿನ ಜಗತ್ತಿನ ಅಚ್ಚರಿಗಳಲ್ಲಿ ಒಂದಾಯಿತು.

1820ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯು ಟೆಲ್ಫರ್ಡನನ್ನು ತನ್ನ ಪ್ರಥಮ ಅಧ್ಯಕ್ಷನನ್ನಾಗಿ ಆರಿಸಿಕೊಂಡಿತು. ಕೊನೆಯವರೆಗೂ ಅವನು ಆ ಸ್ಥಾನದಲ್ಲಿದ್ದನು. ಅವನು ಮದುವೆಯಾಗಲಿಲ್ಲ; ಬಹುಕಾಲ ಸ್ವಂತ ಮನೆಯನ್ನೂ ಮಾಡಿಕೊಳ್ಳಲಿಲ್ಲ. ಊರೂರು ತಿರುಗುವ ಕೆಲಸವಾದ್ದರಿಂದ ಲಂಡನ್ನಿನ ಒಂದು ಕಾಫಿಗೃಹದ ಕೋಣೆಗಳಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ವಾಸಿಸಿದನು. ಹುಟ್ಟೂರನ್ನು ಮಾತ್ರ ಅವನು ಮರೆಯಲಿಲ್ಲ. ಚಳಿಗಾಲ ಸಮೀಪಿಸುತ್ತಲೇ ಎಸ್ಕ್‌ಡೇಲಿನ ಬಡವರಿಗೆ ಹಂಚಲು ಹಣ ಕಳುಹಿಸುತ್ತಿದ್ದನು. ತನ್ನ ಮರಣಪತ್ರದಲ್ಲಿ ಲ್ಯಾಂಗಮ್ ಮತ್ತು ವೆಸ್ಟರ್‌ಕರ್ಕ್ ಊರುಗಳ ಪುಸ್ತಕ ಭಂಡಾರಗಳಿಗೆ ಹಣವನ್ನು ಬಿಟ್ಟನು. 1834ರ ಸೆಪ್ಟೆಂಬರ್ 2ರಂದು ಅವನು ಕಾಲವಾದನು. ರಾಜರೂ ಕವಿಗಳೂ ಮಲಗಿರುವ ವೆಸ್ಟ್‌ಮಿನ್ಸ್ಟರ್ ಅಬ್ಬೆಯಲ್ಲಿ ಕುರಿಗಾಹಿಯ ಮಗನಿಗೂ ಸ್ಥಳ ದೊರೆಯಿತು.

ನಮ್ಮ ದೇಶದಲ್ಲಿ ಮಳೆಗಾಲದಲ್ಲೂ ಸಂಚಾರ ನಿಲ್ಲದಂಥ ರಸ್ತೆಗಳನ್ನು ಹಳ್ಳಿಗಳಿಗೆ ಒದಗಿಸಲು 2000ನೆಯ ಇಸವಿಯಲ್ಲಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯು ಆರಂಭವಾಯಿತು. ಟೆಲ್ಫರ್ಡನ ಕಾಲದ ಪ್ರಶ್ನೆಯೇ ಇಂದಿಗೂ ಹಲವೆಡೆ ನಮ್ಮೆದುರಿಗಿದೆ. ಹಳ್ಳಿಗೆ ಬರುವ ರಸ್ತೆ ಕೇವಲ ಕಲ್ಲುಮಣ್ಣುಗಳ ಪಟ್ಟಿಯಲ್ಲ. ರೈತನಿಗೆ ಅದು ಸಂತೆ, ರೋಗಿಗೆ ಆಸ್ಪತ್ರೆ, ಬಾಲಕಿಗೆ ಶಾಲೆ. ಆ ರಸ್ತೆಯನ್ನು ಗಟ್ಟಿಯಾಗಿ ಮಾಡುವವರೂ, ಮಾಡಿದ ಮೇಲೆ ಕಾಪಾಡುವವರೂ, ಅದರ ಫಲವನ್ನು ನ್ಯಾಯವಾಗಿ ಹಂಚುವವರೂ ಇದ್ದಲ್ಲಿ ಮಾತ್ರ ದಾರಿಯ ಜೊತೆಯಲ್ಲಿ ಬಾಳೂ ಬರುತ್ತದೆ.